ಸಡಿಲ ಪದ, ಜಾರುವ ಹೊಣೆ

2021ರ ಫೆಬ್ರುವರಿ 7ರ ಬೆಳಿಗ್ಗೆ ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ ಋಷಿಗಂಗಾ ನದಿ ಬಂಡೆ, ಕೆಸರು, ಮಂಜುಗಡ್ಡೆಗಳನ್ನು ಹೊತ್ತು ನುಗ್ಗಿತು. ಎರಡು ಜಲವಿದ್ಯುತ್ ಯೋಜನೆಗಳು ಅದರ ದಾರಿಗೆ ಸಿಕ್ಕವು. ಸತ್ತವರು ಮತ್ತು ಕಾಣೆಯಾದವರ ಸಂಖ್ಯೆ 200 ದಾಟಿತು. ಮಧ್ಯಾಹ್ನದ ಹೊತ್ತಿಗೆ ಸುದ್ದಿವಾಹಿನಿಗಳಲ್ಲಿ ಒಂದೇ ಪದ ಓಡಾಡುತ್ತಿತ್ತು: ಹಿಮನದಿ ಸ್ಫೋಟ.

ಹಿಮನದಿ ಸ್ಫೋಟಿಸುವುದಿಲ್ಲ. ಹಿಮನದಿಯ ಬುಡದಲ್ಲಿ ನೀರು ನಿಂತು ಸರೋವರವಾಗಿ, ಅದರ ಒಡ್ಡು ಒಡೆದರೆ ಪ್ರವಾಹ ಬರುವುದುಂಟು; ಅದಕ್ಕೆ ಬೇರೆಯೇ ಹೆಸರಿದೆ. ಚಮೋಲಿಯಲ್ಲಿ ಆದದ್ದು ಅದೂ ಅಲ್ಲ. ಉಪಗ್ರಹ ಚಿತ್ರಗಳನ್ನು ಹೋಲಿಸಿ ನೋಡಿದ ವಿಜ್ಞಾನಿಗಳು ಕಂಡುಕೊಂಡಂತೆ, ರೋಂಟಿ ಶಿಖರದ ಮಗ್ಗುಲಿನಿಂದ ಸುಮಾರು 2.7 ಕೋಟಿ ಘನ ಮೀಟರ್ ಬಂಡೆ ಮತ್ತು ಮಂಜು ಒಟ್ಟಾಗಿ ಕಳಚಿ ಕಣಿವೆಗೆ ಬಿದ್ದಿತ್ತು. ಅದರಲ್ಲಿ ಶೇ 80ರಷ್ಟು ಬಂಡೆ, ಶೇ 20ರಷ್ಟು ಮಾತ್ರ ಮಂಜು. ಬಿದ್ದ ರಭಸಕ್ಕೆ, ಉಜ್ಜಾಟದ ಬಿಸಿಗೆ ಮಂಜು ಕರಗಿ ನೀರಾಯಿತು. ಆ ವಿವರ ಹೊರಬರುವಷ್ಟರಲ್ಲಿ 'ಹಿಮನದಿ ಸ್ಫೋಟ' ಜನರ ಮನಸ್ಸಿನಲ್ಲಿ ಬೇರೂರಿಯಾಗಿತ್ತು. ಇಂದಿಗೂ ಆ ದುರಂತವನ್ನು ಆ ಹೆಸರಿನಿಂದ ಕರೆಯುವವರೇ ಹೆಚ್ಚು.

ಏನಂತೆ, ಸತ್ತವರು ಸತ್ತರು, ಹೆಸರು ಯಾವುದಾದರೇನು ಎಂದು ಕೇಳುವವರಿದ್ದಾರೆ. ಹಿಮನದಿ ತಾನಾಗಿ ಸಿಡಿಯಿತು ಎಂದೊಡನೆ ಕೇಳಬೇಕಾದ ಪ್ರಶ್ನೆಗಳೂ ಅಲ್ಲಿಗೇ ನಿಲ್ಲುತ್ತವೆ ಎಂಬುದು ನನ್ನ ಉತ್ತರ. ಬೆಟ್ಟದ ಮೈ ಕಳಚಿತು ಎಂದರೆ ಮಾತು ಮುಂದುವರಿಯುತ್ತದೆ: ಆ ಇಳಿಜಾರಿನ ಮೇಲೆ ಯಾರ ಕಣ್ಣಿತ್ತು? ಇಷ್ಟು ಕಡಿದಾದ ಕಣಿವೆಯ ಸುರಂಗಕ್ಕೆ ಕಾರ್ಮಿಕರನ್ನು ಇಳಿಸಿದವರು ಮೇಲಿನಿಂದ ಏನಾದರೂ ಬಂದರೆ ಕೂಗಿ ಹೇಳುವ ವ್ಯವಸ್ಥೆಯನ್ನು ಏಕೆ ಮಾಡಿರಲಿಲ್ಲ?

ಪಾರಿಭಾಷಿಕ ಪದಗಳನ್ನು ಸಡಿಲವಾಗಿ ಬಳಸುವುದರ ಬಗ್ಗೆ ಹಳೆಯ ಜಗಳವೊಂದಿದೆ. ಶಾಸ್ತ್ರದ ಪದವನ್ನು ಶಾಸ್ತ್ರದ ಅರ್ಥದಲ್ಲೇ ಬಳಸಬೇಕು, ಇಲ್ಲವಾದರೆ ಜ್ಞಾನ ಕೆಡುತ್ತದೆ ಎನ್ನುವವರು ಒಂದು ಕಡೆ. ಭಾಷೆ ಜನರ ಸೊತ್ತು, ಪದ ಬೀದಿಗೆ ಬಂದ ಮೇಲೆ ತಜ್ಞರ ಹಿಡಿತಕ್ಕೆ ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ ಎನ್ನುವವರು ಇನ್ನೊಂದು ಕಡೆ. ಎರಡೂ ಕಡೆಯ ವಾದಗಳನ್ನು ಓದುತ್ತ ಬಂದ ನನಗೆ, ಜಗಳ ಅರ್ಥದ ಶುದ್ಧಿಯ ಸುತ್ತಲೇ ಗಿರಕಿ ಹೊಡೆಯುತ್ತಿದೆ ಎನ್ನಿಸುತ್ತದೆ. ಪದ ಸಡಿಲವಾದಾಗ ಯಾರ ಹೊಣೆ ಜಾರುತ್ತದೆ, ಪದ ಬಿಗಿಯಾದಾಗ ಯಾರು ಹೊರಗುಳಿಯುತ್ತಾರೆ ಎಂಬುದನ್ನು ಕೇಳದೆ ಇದನ್ನು ಬಗೆಹರಿಸಲಾಗದು.

ಮೇಘಸ್ಫೋಟವನ್ನೇ ನೋಡಿ. ಹವಾಮಾನ ಇಲಾಖೆಯ ಲೆಕ್ಕದಲ್ಲಿ, ಸುಮಾರು 20ರಿಂದ 30 ಚದರ ಕಿಲೋಮೀಟರ್ ಜಾಗದಲ್ಲಿ ಒಂದು ಗಂಟೆಗೆ 100 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಮಳೆ ಸುರಿದರೆ ಅದು ಮೇಘಸ್ಫೋಟ. 20 ಚದರ ಕಿಲೋಮೀಟರ್ ಎಂದೇ ಇಟ್ಟುಕೊಂಡರೂ ಒಂದೇ ಗಂಟೆಯಲ್ಲಿ 200 ಕೋಟಿ ಲೀಟರ್ ನೀರು. ಬಹಳ ಅಪರೂಪದ ವಿದ್ಯಮಾನ ಇದು. ಪತ್ರಿಕೆಗಳಲ್ಲಿ ಮಾತ್ರ ಮಳೆಗಾಲದುದ್ದಕ್ಕೂ ಮೇಘ ಸ್ಫೋಟಿಸುತ್ತಲೇ ಇರುತ್ತದೆ. 2023ರ ಅಕ್ಟೋಬರ್ 4ರಂದು ಸಿಕ್ಕಿಂನಲ್ಲಿ ತೀಸ್ತಾ ನದಿ ಉಕ್ಕಿ ಚುಂಗ್‌ಥಾಂಗ್ ಅಣೆಕಟ್ಟು ಕೊಚ್ಚಿಹೋದಾಗ ಮೊದಲ ಸುದ್ದಿಗಳು ಅದನ್ನು ಮೇಘಸ್ಫೋಟ ಎಂದವು. ಆಗಿದ್ದದ್ದು ದಕ್ಷಿಣ ಲ್ಹೊನಾಕ್ ಹಿಮಸರೋವರದ ಒಡ್ಡು ಒಡೆದದ್ದು. 2025ರ ಆಗಸ್ಟ್ 5ರಂದು ಉತ್ತರಕಾಶಿಯ ಧರಾಲಿ ಊರನ್ನು ಕೆಸರು ನುಂಗಿದಾಗಲೂ ಅದೇ ಪದ ಬಂತು. ಆ ಭಾಗದ ಮಳೆಮಾಪಕಗಳಲ್ಲಿ ಮೇಘಸ್ಫೋಟಕ್ಕೆ ತಕ್ಕ ಮಳೆ ದಾಖಲಾಗಿರಲಿಲ್ಲ.

ಇಲ್ಲಿ ಸಡಿಲ ಬಳಕೆಯ ಪರ ನಿಲ್ಲುವವರ ವಾದವನ್ನು ಗಂಭೀರವಾಗಿ ಕೇಳಬೇಕು. ಸಾದಾ ಮಳೆಮಾಪಕವನ್ನು ಬೆಳಿಗ್ಗೆ 8.30ಕ್ಕೆ ಒಮ್ಮೆ ನೋಡಿ ಅಂಕಿ ಬರೆದುಕೊಳ್ಳುತ್ತಾರೆ. 24 ಗಂಟೆಗೆ 120 ಮಿಲಿಮೀಟರ್ ಎಂದು ಪುಸ್ತಕದಲ್ಲಿದ್ದರೆ ಅದು ರಾತ್ರಿಯಿಡೀ ಸುರಿದದ್ದೋ, ಮುಕ್ಕಾಲು ಗಂಟೆಯಲ್ಲಿ ಬಡಿದು ಹೋದದ್ದೋ ಆ ಅಂಕಿ ಹೇಳುವುದಿಲ್ಲ. ಹಿಮಾಲಯದ ಎತ್ತರದ ಕಣಿವೆಗಳಲ್ಲಿ ಆ ಮಾಪಕವೂ ಇಲ್ಲದ ಜಾಗಗಳೇ ಹೆಚ್ಚು. ಮಾಪಕ ಇಲ್ಲದ ಕಡೆ ನಿಯಮದ ಪ್ರಕಾರ ಮೇಘಸ್ಫೋಟ ಆಗಲಾರದು! ಕಣ್ಣೆದುರೇ ಆಕಾಶ ಕಳಚಿಬಿದ್ದದ್ದನ್ನು ಕಂಡ ಹಳ್ಳಿಯವನಿಗೆ 'ನೀನು ಪದವನ್ನು ತಪ್ಪಾಗಿ ಬಳಸಿದೆ' ಎನ್ನುವ ಹಕ್ಕು ಅಂಕಿ ಕೊಡಲಾಗದ ಇಲಾಖೆಗೆ ಎಲ್ಲಿಂದ ಬರಬೇಕು? ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ಸಂಶೋಧಕರೇ ನಿಯಮವನ್ನು ತುಸು ಸಡಿಲಿಸಿ, ಸತತ ಎರಡು ಗಂಟೆಗಳಲ್ಲಿ 50 ಮಿಲಿಮೀಟರ್ ದಾಟಿದ ಮಳೆಯನ್ನು 'ಕಿರು ಮೇಘಸ್ಫೋಟ' ಎಂದು ಕರೆದಿದ್ದಾರೆ. ಬೆಟ್ಟದ ಇಳಿಜಾರಿನಲ್ಲಿ ಅಷ್ಟು ಮಳೆಯೂ ಜೀವ ತೆಗೆಯಬಲ್ಲದು.

ಕರ್ನಾಟಕದಲ್ಲಿ ಈ ವಾದ ನಡೆಯದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ನೆಟ್ಟಿದೆ. 15 ನಿಮಿಷಕ್ಕೊಮ್ಮೆ ಅಂಕಿ ಬರುತ್ತದೆ. ಮಲೆನಾಡಿನ ಯಾವುದೋ ಹೋಬಳಿಯಲ್ಲಿ ಮೇಘಸ್ಫೋಟ ಆಯಿತೆಂದು ಬರೆಯುವ ಮುನ್ನ ಒಂದು ಫೋನ್ ಮಾಡಿದರೆ ಸಾಕು. ಅದನ್ನು ಮಾಡದಿರುವುದಕ್ಕೆ ಭಾಷೆಯ ಸಹಜ ಬೆಳವಣಿಗೆ ಎಂಬ ನೆಪ ಕೊಡಬಾರದು.

2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಕುಸಿದಾಗ 'ಜಲಸ್ಫೋಟ' ಎಂಬ ಮಾತು ಹುಟ್ಟಿಕೊಂಡಿತು. ಮಣ್ಣಿನೊಳಗೆ ನೀರು ತುಂಬಿ ಬೆಟ್ಟ ಬಾಯಿಬಿಟ್ಟದ್ದನ್ನು ಕಂಡವರು ಹಾಗೆಂದರೆ ಅದರಲ್ಲಿ ತಪ್ಪು ಹುಡುಕಲಾರೆ, ಅವರು ಕಂಡದ್ದು ಅದನ್ನೇ. ವರದಿಗಳಲ್ಲಿ ಅದೇ ಪದ ಕಾರಣವಾಗಿ ನಿಂತಾಗ ತೊಡಕಾಯಿತು. ಅತಿಯಾದ ಮಳೆಯ ಜೊತೆಗೆ, ಮನೆ ಮತ್ತು ರಸ್ತೆಗಾಗಿ ಇಳಿಜಾರನ್ನು ಕಡಿದು ನೆಟ್ಟಗೆ ನಿಲ್ಲಿಸಿದ್ದನ್ನೂ ಭೂವಿಜ್ಞಾನಿಗಳು ಎತ್ತಿ ತೋರಿಸಿದ್ದರು. 'ಸ್ಫೋಟ' ಎಂದರೆ ಒಳಗಿನಿಂದ ತಾನಾಗಿ ಆದದ್ದು. ಕಡಿದ ಕೈ ಕಾಣುವುದೇ ಇಲ್ಲ. 'ಗುಡ್ಡ ಕುಸಿತ' ಎಂಬ ನಮ್ಮ ಹಳೆಯ ಮಾತು ಇದಕ್ಕಿಂತ ಎಷ್ಟೋ ಪ್ರಾಮಾಣಿಕ. ಅದು ಕಂಡದ್ದನ್ನಷ್ಟೇ ಹೇಳುತ್ತದೆ, ಕಾರಣದ ಜಾಗವನ್ನು ಖಾಲಿ ಬಿಡುತ್ತದೆ. 'ಪ್ರಕೃತಿ ವಿಕೋಪ' ಎಂಬ ಕಚೇರಿ ಪದದ ಮೇಲೂ ಇದೇ ಆಕ್ಷೇಪ ಹಳೆಯದು. 1976ರಲ್ಲೇ ಮೂವರು ಸಂಶೋಧಕರು ನೇಚರ್ ಪತ್ರಿಕೆಯಲ್ಲಿ, ವಿಕೋಪಗಳಿಗೆ ಅಂಟಿಸಿದ 'ನೈಸರ್ಗಿಕ' ಎಂಬ ವಿಶೇಷಣವನ್ನು ತೆಗೆಯಬೇಕೆಂದು ವಾದಿಸಿದ್ದರು. ಮಳೆ, ಭೂಕಂಪ ಪ್ರಕೃತಿಯದು. ಸಾವು ಬಹುಪಾಲು ಬಡತನ, ಕಟ್ಟಡ, ಆಡಳಿತಗಳದು ಎಂಬುದು ಅವರ ನಿಲುವು.

ಪದ ಬಿಗಿಯಾದರೆ ಏನಾಗುತ್ತದೆ ಎಂಬುದನ್ನು ರೈತರನ್ನು ಕೇಳಬೇಕು. ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು, ಭೂಕುಸಿತ, ಜಲಾವೃತ, ಮೇಘಸ್ಫೋಟ, ಸಿಡಿಲಿನ ಬೆಂಕಿ ಇವು ಸ್ಥಳೀಯ ವಿಕೋಪಗಳ ಪಟ್ಟಿಯಲ್ಲಿವೆ. ಬೆಳೆ ಹಾಳಾದ 72 ಗಂಟೆಯೊಳಗೆ ತಿಳಿಸಬೇಕು. ರೈತ ಹಾನಿಯನ್ನು ಯಾವ ಹೆಸರಿನಡಿ ಬರೆಸುತ್ತಾನೆ ಎಂಬುದರ ಮೇಲೆ ಹಣ ನಿಂತಿದೆ. 'ಬರ'ದ ಕತೆಯಂತೂ ಇನ್ನೂ ದೊಡ್ಡದು. ಶಾಸ್ತ್ರದ ಪದ ಜನರ ಬಾಯಿಗೆ ಬಂದು ಸಡಿಲಾಗುವುದು ವಾಡಿಕೆ. ಬರದ ವಿಷಯದಲ್ಲಿ ಜನರ ಪದವನ್ನು ಸರ್ಕಾರ ಕೈಗೆತ್ತಿಕೊಂಡು ಬಿಗಿ ಮಾಡಿತು. 2016ರ ಬರ ನಿರ್ವಹಣಾ ಕೈಪಿಡಿ ಮಳೆ ಕೊರತೆಯ ಜೊತೆಗೆ ಬಿತ್ತನೆ, ಮಣ್ಣಿನ ತೇವ, ಉಪಗ್ರಹದಲ್ಲಿ ಕಾಣುವ ಹಸಿರು, ಜಲಾಶಯ ಮತ್ತು ಅಂತರ್ಜಲದ ಮಟ್ಟ ಎಲ್ಲವನ್ನೂ ಅಳೆಯಬೇಕೆಂದಿತು. ಅಳತೆ ಬೇಕೇ ಬೇಕು, ಇಲ್ಲದಿದ್ದರೆ ಪ್ರಭಾವಿ ಶಾಸಕರ ತಾಲ್ಲೂಕುಗಳೆಲ್ಲ ಬರಪೀಡಿತವಾಗುತ್ತವೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಘೋಷಿಸಿದಾಗ ಮಾತ್ರ ಅಳತೆಯ ಮಿತಿ ಎದ್ದು ಕಂಡಿತು. ಆಗಾಗ ಬಿದ್ದ ತುಂತುರಿಗೆ ಪೈರು ಹಸಿರಾಗಿ ನಿಂತಿತ್ತು. ಉಪಗ್ರಹದ ಕಣ್ಣಿಗೆ ಹೊಲ ಚೆನ್ನಾಗಿತ್ತು. ತೆನೆ ಹಿಡಿದು ಹಿಸುಕಿದರೆ ಒಳಗೆ ಕಾಳಿಲ್ಲ. ರಾಜ್ಯ ಸರ್ಕಾರ ಇದನ್ನು 'ಹಸಿರು ಬರ' ಎಂದು ಕರೆದು ಕೇಂದ್ರ ತಂಡದ ಮುಂದಿಟ್ಟಿತು. ಇದು ಸಡಿಲ ಬಳಕೆಯೇ? ನನ್ನ ಪ್ರಕಾರ ಅಲ್ಲ. ಅಳತೆಗೆ ದಕ್ಕದೆ ಉಳಿದ ಸಂಕಟಕ್ಕೆ ಇಟ್ಟ ಹೆಸರು ಅದು. ಪರಿಹಾರದ ಹಣಕ್ಕಾಗಿ ರಾಜ್ಯ ಸುಪ್ರೀಂ ಕೋರ್ಟ್‌ವರೆಗೆ ಹೋಗಬೇಕಾಯಿತು. 18,171 ಕೋಟಿ ರೂಪಾಯಿ ಕೇಳಿದ್ದಕ್ಕೆ 2024ರ ಏಪ್ರಿಲ್‌ನಲ್ಲಿ ಬಂದದ್ದು 3,454 ಕೋಟಿ.

ತಜ್ಞರ ಬಿಗಿತ ಜಗತ್ತಿಗೆಲ್ಲ ದುಬಾರಿಯಾದದ್ದು ಕೋವಿಡ್ ಕಾಲದಲ್ಲಿ. 2020ರ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ, ಕೋವಿಡ್ ಗಾಳಿಯಲ್ಲಿ ಹರಡುವ ರೋಗವಲ್ಲ ಎಂದು ಖಡಾಖಂಡಿತವಾಗಿ ಸಾರಿತು. ಸೋಂಕು ತಡೆಯುವ ವೈದ್ಯರ ಪರಿಭಾಷೆಯಲ್ಲಿ 5 ಮೈಕ್ರಾನ್‌ಗಿಂತ ಸಣ್ಣ ಕಣಗಳು ದೂರದವರೆಗೆ ತೇಲಿ ಹರಡಿದರಷ್ಟೇ ಅದು 'ಗಾಳಿಯಿಂದ ಹರಡುವ' ರೋಗ. ಅದಕ್ಕಿಂತ ದೊಡ್ಡವು 'ತುಂತುರು ಹನಿ', ಒಂದೆರಡು ಮೀಟರ್‌ನೊಳಗೆ ನೆಲಕ್ಕೆ ಬೀಳುತ್ತವೆ. ಗಾಳಿಯಲ್ಲಿನ ಕಣಗಳನ್ನೇ ಓದಿಕೊಂಡ ಭೌತವಿಜ್ಞಾನಿಗಳು ಇದನ್ನು ಒಪ್ಪಲಿಲ್ಲ. 5 ಮೈಕ್ರಾನ್‌ಗಿಂತ ಎಷ್ಟೋ ದೊಡ್ಡ ಕಣಗಳೂ ಕೋಣೆಯೊಳಗೆ ತೇಲುತ್ತವೆ ಎಂಬುದು ಅವರಿಗೆ ಗೊತ್ತಿದ್ದ ವಿಷಯ. ಆ ವರ್ಷ ಜುಲೈನಲ್ಲಿ ಲಿಡಿಯಾ ಮೊರಾವ್‌ಸ್ಕಾ ಮತ್ತು ಡೊನಾಲ್ಡ್ ಮಿಲ್ಟನ್ ಬರೆದ ಮನವಿಯನ್ನು 239 ವಿಜ್ಞಾನಿಗಳು ಬೆಂಬಲಿಸಿದರು. ವೈದ್ಯರು ಇವರನ್ನು ಪದದ ಅರ್ಥ ಗೊತ್ತಿಲ್ಲದವರೆಂದು ಕಂಡರು, ಇವರು ವೈದ್ಯರನ್ನು. ಒಂದೇ ಪದಕ್ಕೆ ಎರಡು ಶಾಸ್ತ್ರಗಳು ಎರಡು ಅರ್ಥ ಕಟ್ಟಿಕೊಂಡಿದ್ದವು. ಸಾಮಾನ್ಯ ಜನ ಆ ಪದವನ್ನು ಕೇಳಿಸಿಕೊಂಡದ್ದು ಮೂರನೆಯ ಅರ್ಥದಲ್ಲಿ: ಗಾಳಿಯಿಂದ ಭಯವಿಲ್ಲ. ನಾವೆಲ್ಲ ಹಾಲಿನ ಪ್ಯಾಕೆಟ್ಟು, ತರಕಾರಿಗಳನ್ನು ಸೋಪು ನೀರಿನಲ್ಲಿ ತೊಳೆದು ಒಣಗಿಸುತ್ತ ಕೂತೆವು, ಕಿಟಕಿ ತೆರೆಯುವ ಮಾತು ತಡವಾಗಿ ಬಂತು. ಪರಿಭಾಷೆಯನ್ನು ಬಿಡಲೊಲ್ಲದ ಹಟಕ್ಕೆ ಜೀವಗಳು ಬೆಲೆ ತೆತ್ತವು ಎಂದೇ ನಾನು ನಂಬಿದ್ದೇನೆ.

ಇನ್ನು ವಿದ್ವತ್ ಬರಹ. ವಿಜ್ಞಾನದ ಇತಿಹಾಸಕಾರ ತಾಮಸ್ ಕೂನ್ 1962ರ ತಮ್ಮ ಪುಸ್ತಕದಲ್ಲಿ 'ಪ್ಯಾರಡೈಮ್' ಎಂಬ ಪದವನ್ನು 21 ಅರ್ಥಗಳಲ್ಲಿ ಬಳಸಿದ್ದಾರೆಂದು ಮಾರ್ಗರೆಟ್ ಮಾಸ್ಟರ್‌ಮನ್ ಎಣಿಸಿ ತೋರಿಸಿದರು; ಕೂನ್ ಅದನ್ನು ಒಪ್ಪಿ ಮುಂದಿನ ಆವೃತ್ತಿಯಲ್ಲಿ ಪದವನ್ನು ಒಡೆದು ಬೇರೆ ಹೆಸರು ಕೊಡಬೇಕಾಯಿತು. 1996ರಲ್ಲಿ ಭೌತವಿಜ್ಞಾನಿ ಅಲನ್ ಸೋಕಲ್ ಕ್ವಾಂಟಂ ಪದಗಳನ್ನು ಅರ್ಥವಿಲ್ಲದೆ ಪೋಣಿಸಿದ ಲೇಖನವೊಂದನ್ನು ಸಂಸ್ಕೃತಿ ಅಧ್ಯಯನದ ಪತ್ರಿಕೆಯಲ್ಲಿ ಅಚ್ಚಾಗುವಂತೆ ಮಾಡಿದ ಪ್ರಸಂಗ ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಉಪಯುಕ್ತವೆನಿಸುವುದು ರಾಜ್ಯಶಾಸ್ತ್ರಜ್ಞ ಜೊವಾನಿ ಸಾರ್ಟೋರಿ 1970ರಲ್ಲಿ ಎತ್ತಿದ ಮಾತು. ಹೆಚ್ಚು ದೇಶಗಳಿಗೆ ಅನ್ವಯವಾಗಲೆಂದು ಪದವನ್ನು ಹಿಗ್ಗಿಸುವವರು ಅದರ ತಿರುಳನ್ನು ಎಷ್ಟು ಬಿಟ್ಟುಕೊಟ್ಟೆವೆಂದು ಹೇಳುವುದಿಲ್ಲ, ವ್ಯಾಪ್ತಿ ಬೆಳೆದಂತೆ ಲಕ್ಷಣ ಕಡಿಮೆಯಾಗಲೇಬೇಕು ಎಂದು ಅವರು ವಾದಿಸಿದರು.

ಅದಕ್ಕೆ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ಪದಗಳಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಕೊಡವರ ಕುರಿತ 1952ರ ಪುಸ್ತಕದಲ್ಲಿ ಅವರು 'ಸಂಸ್ಕೃತೀಕರಣ' ಎಂದರೆ ಏನೆಂದು ಸ್ಪಷ್ಟವಾಗಿಯೇ ಹೇಳಿದ್ದರು: ಕೆಳಗಿನ ಜಾತಿಯೊಂದು ಮಾಂಸ, ಮದ್ಯ ಬಿಟ್ಟು, ಆಚರಣೆ ಮತ್ತು ದೇವರುಗಳನ್ನು ಸಂಸ್ಕೃತ ಮಾದರಿಗೆ ಬದಲಿಸಿಕೊಂಡು ಒಂದೆರಡು ತಲೆಮಾರಿನಲ್ಲಿ ಮೇಲೇರುವುದು. ಸಂಸ್ಕೃತ ವಿದ್ವಾಂಸ ಫ್ರಿಟ್ಸ್ ಸ್ಟಾಲ್ 1963ರಲ್ಲಿ ಈ ಪದದ ಮೇಲೆ ಆಕ್ಷೇಪ ಎತ್ತಿದರು. ಶ್ರೀನಿವಾಸರೇ ಅನುಕರಣೆಗೆ ಬ್ರಾಹ್ಮಣರಷ್ಟೇ ಮಾದರಿಯಲ್ಲ, ಕ್ಷತ್ರಿಯ, ವೈಶ್ಯ ಮಾದರಿಗಳೂ ಇವೆ ಎಂದು ಮುಂದೆ ಅರ್ಥವನ್ನು ಅಗಲ ಮಾಡಿದರು. ಈಗ ಊರದೇವತೆಗೆ ಪುರೋಹಿತರು ಬಂದರೂ ಸಂಸ್ಕೃತೀಕರಣ, ಮದುವೆಯಲ್ಲಿ ಶಾಸ್ತ್ರ ಹೆಚ್ಚಿದರೂ ಸಂಸ್ಕೃತೀಕರಣ. ಸಮಾಜದ ಏಣಿಯಲ್ಲಿ ಜಾತಿಯ ಜಾಗ ಬದಲಾಯಿತೇ ಎಂಬ ಮೂಲ ಪ್ರಶ್ನೆಯನ್ನು ಸಂಶೋಧನಾ ಪ್ರಬಂಧಗಳೂ ಕೇಳುವುದನ್ನು ಬಿಟ್ಟಿವೆ.

'ವೋಟ್ ಬ್ಯಾಂಕ್' ಕೂಡ ಅವರದೇ ಪದ. 1948ರಲ್ಲಿ ಮೈಸೂರು ಬಳಿಯ ಹಳ್ಳಿಯೊಂದರಲ್ಲಿ ಇದ್ದುಕೊಂಡು ಕಂಡದ್ದನ್ನು ಅವರು 1955ರ ಪ್ರಬಂಧದಲ್ಲಿ ಬರೆದರು. ಹಳ್ಳಿಗೆ ಅವರಿಟ್ಟ ಹೆಸರು ರಾಂಪುರ. ಅಲ್ಲಿ ಪಟೇಲನಂಥ ಭೂಮಾಲೀಕನ ಕೈಕೆಳಗೆ ಗೇಣಿದಾರರು, ಸಾಲಗಾರರು, ಆಳುಗಳು, ನೆಂಟರು ಇರುತ್ತಾರೆ. ಹೊರಗಿನ ರಾಜಕಾರಣಿಗೆ ಮನೆಮನೆಗೆ ಹೋಗುವ ಕಷ್ಟ ಬೇಡ. ಈ ಒಬ್ಬನನ್ನು ಹಿಡಿದರೆ ಅಷ್ಟೂ ಮತಗಳು ಕೈಗೆ ಬರುತ್ತವೆ. ಮತ ಅಲ್ಲಿ ಠೇವಣಿ ಇರುವುದು ಯಜಮಾನನ ಬಳಿ. ಪ್ರಬಂಧದ ಕಣ್ಣು ನೆಟ್ಟಿದ್ದದ್ದು ಆ ಯಜಮಾನನ ಹಿಡಿತದ ಮೇಲೆ. ಇಂದು ಚುನಾವಣಾ ವಿಶ್ಲೇಷಣೆಗಳಲ್ಲಿ ವೋಟ್ ಬ್ಯಾಂಕ್ ಎಂದರೆ ಒಂದು ಧರ್ಮ ಅಥವಾ ಒಂದು ಜಾತಿ. ಯಜಮಾನ ಕಾಣೆಯಾಗಿದ್ದಾನೆ. ಅವನ ಹಿಡಿತಕ್ಕೆ ಸಿಕ್ಕಿದ್ದ ಮತದಾರನೇ ಈಗ ಆರೋಪಿ: ಸ್ವಂತ ಬುದ್ಧಿಯಿಲ್ಲದೆ ಗುಂಪಾಗಿ ಮತ ಹಾಕುವವನು. ಪದ ಸಡಿಲವಾಗುತ್ತ ಹೋದ ದಾರಿಯಲ್ಲಿ ಹೊಣೆ ಬಲಿಷ್ಠನ ಹೆಗಲಿನಿಂದ ದುರ್ಬಲನ ಹೆಗಲಿಗೆ ಬಂತು. ಭಾಷೆ ಬದಲಾಗುವುದು ಸಹಜ ಎಂಬ ಮಾತು ಈ ಪದದ ವಿಷಯದಲ್ಲಿ ನನ್ನನ್ನು ಒಪ್ಪಿಸುವುದಿಲ್ಲ.

ಅಂಕಿಅಂಶ ಶಾಸ್ತ್ರದಲ್ಲಿ ಜಗಳ ಇನ್ನೂ ಬಿಸಿಯಾಗಿದೆ. ಹತ್ತಾರು ಸಾವಿರ ಜನರ ಮೇಲೆ ನಡೆಸಿದ ಪ್ರಯೋಗದಲ್ಲಿ ಮಾತ್ರೆಯೊಂದು ರಕ್ತದೊತ್ತಡವನ್ನು 1 ಅಂಕದಷ್ಟು ಇಳಿಸಿತೆನ್ನಿ. ಮಾತ್ರೆಯಿಂದ ಏನೂ ಆಗುವುದಿಲ್ಲ ಎಂದುಕೊಂಡರೆ ಇಷ್ಟು ವ್ಯತ್ಯಾಸ ಬರುವ ಸಂಭವ ಶೇ 5ಕ್ಕಿಂತ ಕಡಿಮೆ ಎಂದಾದರೆ ಪ್ರಬಂಧ ಅದನ್ನು 'ಗಮನಾರ್ಹ' ಎನ್ನುತ್ತದೆ. ಮರುದಿನ ಪತ್ರಿಕೆಯಲ್ಲಿ 'ರಕ್ತದೊತ್ತಡದಲ್ಲಿ ಗಮನಾರ್ಹ ಇಳಿಕೆ'. ರೋಗಿಗೆ ಆ 1 ಅಂಕದಿಂದ ಏನೂ ಆಗದಿರಬಹುದು. 2019ರಲ್ಲಿ 800ಕ್ಕೂ ಹೆಚ್ಚು ವಿಜ್ಞಾನಿಗಳು ಈ ಪದವನ್ನೇ ಕೈಬಿಡಬೇಕೆಂದು ಸಹಿ ಹಾಕಿದರು. ಅದೇ ವರ್ಷ ವೈದ್ಯಕೀಯ ಸಂಶೋಧಕ ಜಾನ್ ಅಯೊನಿಡಿಸ್ ಅದನ್ನು ವಿರೋಧಿಸಿದರು; ಮೊದಲೇ ಗೊತ್ತುಮಾಡಿದ ಗೆರೆ ಇಲ್ಲದಿದ್ದರೆ ಪ್ರತಿಯೊಬ್ಬರೂ ತಮ್ಮ ಫಲಿತಾಂಶ ದೊಡ್ಡದೆಂದು ಹೇಳಿಕೊಳ್ಳುತ್ತಾರೆ ಎಂಬುದು ಅವರ ಭಯ. ಔಷಧ ಕಂಪನಿಗಳ ನಡವಳಿಕೆ ನೋಡಿದರೆ ಆ ಭಯ ನನಗೂ ಇದೆ.

ಮನೋವೈದ್ಯಕೀಯದ ಪದಗಳು ಮನೆಮಾತಾದ ಬಗ್ಗೆ ನಾನು ಸಡಿಲ ಬಳಕೆಯ ಕಡೆಗೇ ವಾಲುತ್ತೇನೆ. ಆಸ್ಟ್ರೇಲಿಯಾದ ಮನಶ್ಶಾಸ್ತ್ರಜ್ಞ ನಿಕ್ ಹ್ಯಾಸ್ಲಂ 2016ರಲ್ಲಿ, ಆಘಾತ, ದೌರ್ಜನ್ಯ, ವ್ಯಸನ ಮುಂತಾದ ಪದಗಳು ವರ್ಷದಿಂದ ವರ್ಷಕ್ಕೆ ಸಣ್ಣಪುಟ್ಟ ಸಂಗತಿಗಳನ್ನೂ ಒಳಗೆ ಎಳೆದುಕೊಳ್ಳುತ್ತಿವೆ ಎಂದು ತೋರಿಸಿದರು. ಪರೀಕ್ಷೆಯಲ್ಲಿ ಅಂಕ ಕಡಿಮೆಯಾದ ಸಂಜೆಯೇ 'ಡಿಪ್ರೆಷನ್' ಎನ್ನುವ ಹುಡುಗರನ್ನು ಕಂಡು ಹಿರಿಯರು ಮೂಗು ಮುರಿಯುತ್ತಾರೆ. ವೈದ್ಯರ ಲೆಕ್ಕದಲ್ಲಿ ಲಕ್ಷಣಗಳು ಕನಿಷ್ಠ ಎರಡು ವಾರ ಇರಬೇಕು. ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಅಂಕಿಯನ್ನು ಇದರ ಪಕ್ಕದಲ್ಲಿಡಬೇಕು: ಮಾನಸಿಕ ಕಾಯಿಲೆ ಇರುವವರಲ್ಲಿ ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರಷ್ಟು ಜನ ಚಿಕಿತ್ಸೆಯಿಂದ ಹೊರಗಿದ್ದರು. ಪದವೇ ಗೊತ್ತಿಲ್ಲದೆ 'ಏನೋ ಒಂಥರಾ' ಎನ್ನುತ್ತ ಒಳಗೊಳಗೇ ಬೇಯುವ ದೇಶದಲ್ಲಿ, ಪದ ತುಸು ಅಗಲವಾಗಿ ಬಳಕೆಯಾಗಿ ಹತ್ತು ಜನ ಆಸ್ಪತ್ರೆಯ ಬಾಗಿಲಿಗೆ ಬಂದರೆ, ಅವರಲ್ಲಿ ಯಾರಿಗೆ ಕಾಯಿಲೆ ಯಾರಿಗೆ ಬೇಸರ ಎಂದು ವೈದ್ಯರು ಬಿಡಿಸಿ ಹೇಳಲಿ. ಮಾತು ಬದಲಿಸುವ ಮಂತ್ರಿಯನ್ನು 'ಸ್ಕಿಜೋಫ್ರೇನಿಕ್' ಎಂದು ಕರೆಯುವ ಅಂಕಣಕಾರರಿಗೆ ಮಾತ್ರ ಈ ರಿಯಾಯಿತಿ ಸಲ್ಲದು. ಅದರ ಪೆಟ್ಟು ಬೀಳುವುದು ಮಂತ್ರಿಗಲ್ಲ. ಕಾಯಿಲೆಯ ಮಗನನ್ನು ಮನೆಯಲ್ಲಿಟ್ಟುಕೊಂಡ ತಾಯಿಗೆ.

ಕೆಟ್ಟ ಪದವನ್ನು ಬದಲಿಸಿಬಿಡುವುದು ಕೆಲವರು ಹಿಡಿದ ದಾರಿ. 2016ರ ಆರಂಭದಲ್ಲಿ ಹವಾಮಾನ ಇಲಾಖೆ ತನ್ನ ಮಳೆ ಲೆಕ್ಕದ ವರ್ಗೀಕರಣದಿಂದ 'ಬರ' ಎಂಬ ಪದವನ್ನೇ ತೆಗೆದು 'ಕೊರತೆಯ ವರ್ಷ' ಎಂದಿತು. ಬರ ಘೋಷಿಸುವುದು ತನ್ನ ಕೆಲಸವಲ್ಲ ಎಂಬುದು ನ್ಯಾಯವಾದ ಕಾರಣವೇ, ಆದರೆ ಒಣಗಿದ ಹೊಲದ ಮುಂದೆ ನಿಂತವನಿಗೆ ಅದರಿಂದ ಏನೂ ಆಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಹಳೆಯ ಹನಿ, ಕಣಗಳ ಗೆರೆಯನ್ನು ಅಳಿಸಿ, ಉಸಿರಿನಿಂದ ಹೊರಬರುವ ಸೋಂಕಿನ ಕಣಗಳು 'ಗಾಳಿಯ ಮೂಲಕ' ಹರಡುತ್ತವೆ ಎಂಬ ಒಂದೇ ಮಾತಿಗೆ ಎಲ್ಲ ಶಾಸ್ತ್ರದವರನ್ನೂ ಒಪ್ಪಿಸಿತು.

ಜಪಾನಿನಲ್ಲಿ ಬದಲಾವಣೆಯ ಬೇಡಿಕೆ ಬಂದದ್ದು ತಜ್ಞರಿಂದಲ್ಲ. ಅಲ್ಲಿ ಸ್ಕಿಜೋಫ್ರೇನಿಯಾಕ್ಕೆ ಇದ್ದ ಹೆಸರಿಗೆ 'ಮನಸ್ಸು ಒಡೆದ ಕಾಯಿಲೆ' ಎಂಬ ಅರ್ಥವಿತ್ತು. ರೋಗಿಗಳ ಕುಟುಂಬದವರ ಸಂಘ ಅದನ್ನು ಬದಲಿಸಿರೆಂದು 1993ರಲ್ಲಿ ಮನೋವೈದ್ಯರ ಸಂಘವನ್ನು ಕೇಳಿತು. ಒಂಬತ್ತು ವರ್ಷ ಚರ್ಚೆ ನಡೆದು 2002ರಲ್ಲಿ 'ಸಮನ್ವಯದ ತೊಂದರೆ' ಎಂಬರ್ಥದ ಹೊಸ ಹೆಸರು ಬಂತು. ಹಳೆಯ ಹೆಸರನ್ನು ರೋಗಿಯ ಮುಂದೆ ಉಚ್ಚರಿಸಲು ವೈದ್ಯರೇ ಹಿಂಜರಿಯುತ್ತಿದ್ದರು. ಹೆಸರು ಬದಲಾದ ವರ್ಷ, ತಮಗಿರುವ ಕಾಯಿಲೆ ಯಾವುದೆಂದು ವೈದ್ಯರ ಬಾಯಿಂದ ಕೇಳಿ ತಿಳಿದ ರೋಗಿಗಳು ಶೇ 36.7ರಷ್ಟಿದ್ದರು, 2004ರ ಹೊತ್ತಿಗೆ ಶೇ 69.7ರಷ್ಟಾದರು.